ಮುಂದಿನ ವರ್ಷದ ಸೌದೆ

ನಮ್ಮ ಕಣಿವೆಯಲ್ಲಿ ಗಂಡಸಿನ ಯೋಗ್ಯತೆ ತಿಳಿಯಲು ಅವನ ಜೊತೆ ಮಾತಾಡಬೇಕಾಗಿಲ್ಲ. ಮಾತಾಡಿದರೂ ಪ್ರಯೋಜನವಿಲ್ಲ, ಇಲ್ಲಿನ ಗಂಡಸರು "ಹ್ಞೂಂ" ಅನ್ನುವುದಕ್ಕೇ ಒಂದು ವಾರ ಯೋಚಿಸುತ್ತಾರೆ. ಚರ್ಚಿಗೆ ಹೋಗುವ ರಸ್ತೆಯ ಬದಿಯಲ್ಲಿ, ತನ್ನ ಮನೆ ಮುಂದೆ ಅವನು ಸೌದೆ ಹೇಗೆ ಪೇರಿಸಿದ್ದಾನೆ ನೋಡಿದರೆ ಸಾಕು. ಸೀಳುಗಳ ಬಾಯಿ ಒಂದೇ ಸಮ ಇದ್ದರೆ ಮನುಷ್ಯ ನೆಟ್ಟಗಿದ್ದಾನೆ. ಅಟ್ಟಿ ಒಂದು ಕಡೆ ವಾಲಿದ್ದರೆ ಕುಡಿಯುತ್ತಾನೆ. ದಪ್ಪದ್ದು ತೆಳ್ಳಗಿನದು ಬೆರಕೆಯಾಗಿದ್ದರೆ ಹೆಂಡತಿ ಮಾತು ಕೇಳುತ್ತಾನೆ. ಅಟ್ಟಿಯೇ ಇಲ್ಲದವನ ಸುದ್ದಿ ಯಾರೂ ಎತ್ತುವುದಿಲ್ಲ. ಪಾಪ, ಅವನ ತಾಯಿ ಇನ್ನೂ ಬದುಕಿರಬಹುದು.

ನಾನು ಈ ಊರಿನವಳಲ್ಲ, ಕಡಲ ಕಡೆಯವಳು. ನಮ್ಮ ದ್ವೀಪದಲ್ಲಿ ಮರ ಅನ್ನುವುದೇ ಇರಲಿಲ್ಲ. ಜೌಗು ನೆಲದ ಮಣ್ಣನ್ನು ಹೆಂಟೆ ಹೆಂಟೆಯಾಗಿ ಕಡಿದು, ಒಣಗಿಸಿ ಉರಿಸುತ್ತಿದ್ದೆವು. ಅಲೆ ತಂದು ಹಾಕಿದ ಹಲಗೆ ಸಿಕ್ಕಿದರೆ ಅವತ್ತು ಹಬ್ಬ. ಎಂಬ್ರೆತ್‌ನನ್ನು ಕಟ್ಟಿಕೊಂಡು ಇಲ್ಲಿಗೆ ಬಂದು ನನ್ನ ತಲೆ ನೆರೆಯಿತು, ಆದರೂ ಊರಿನ ಬಾಯಲ್ಲಿ ನಾನು ಗುನ್ವೋರ್ ಅಲ್ಲ, "ಮೀನಿನ ಕಡೆಯವಳು". ಹಾಗಾಗಿ ಸೌದೆಯ ವಿಷಯದಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ. ಬೆಲೆಯಿಲ್ಲ ಅಂತ ನಾನೇನೂ ಬಾಯಿ ಮುಚ್ಚಿಕೊಂಡು ಕೂತವಳಲ್ಲ.

ಇಲ್ಲಿ ಪ್ರತಿ ಮನೆಗೂ ಸೌದೆ ಎರಡು ಪಾಲು. ಮನೆ ಹಿಂದಿನ ಕೊಟ್ಟಿಗೆಯಲ್ಲಿರುವುದು ಈ ವರ್ಷ ಉರಿಸಲು. ರಸ್ತೆ ಬದಿಯ ಅಟ್ಟಿ ಮುಂದಿನ ವರ್ಷಕ್ಕೆ. ಒಂದು ಬೇಸಿಗೆ ಕಂಡ ಸೌದೆ ಚಟಚಟ ಉರಿಯುವಷ್ಟು ಒಣಗಿಯೇ ಇರುತ್ತದೆ, ಆದರೆ ಈ ಊರಿಗೆ ಅಷ್ಟು ಸಾಲದು. ಅದಕ್ಕೆ ವರ್ಷ ತುಂಬುವ ಮೊದಲು ಕೈ ಹಾಕಿದವನು ಮುಂದಿನ ವರ್ಷವನ್ನು ಈ ವರ್ಷವೇ ತಿಂದವನು. ಅಂಥವನನ್ನು ಯಾರೂ ಬೈಯುವುದಿಲ್ಲ. ಅವನೇ ತಾನಾಗಿ ಭಾನುವಾರ ಚರ್ಚಿನ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾನೆ, ಅವನ ಹೆಂಡತಿ ಮಕ್ಕಳೂ ಹಿಂದೆಯೇ ಹೋಗಿ ಕೂರುತ್ತಾರೆ.

ಆ ವರ್ಷ ನನ್ನ ಗಂಡ ಪೇರಿಸಿದ ಅಟ್ಟಿ ಕಣಿವೆಗೇ ಮೊದಲನೆಯದು. ಅದನ್ನು ನಾನೂ ಒಪ್ಪುತ್ತೇನೆ. ಎಲ್ಲಾ ಬರ್ಚ್ ಮರದ ಬಿಳಿ ತೊಗಟೆಯ ಸೀಳುಗಳು, ಒಂದು ಇನ್ನೊಂದಕ್ಕಿಂತ ಹೆಬ್ಬೆರಳಿನಷ್ಟೂ ಹೊರಗೆ ಚಾಚಿರಲಿಲ್ಲ. ಪಾದ್ರಿಗಳು ಸೈಕಲ್ಲಿನಿಂದ ಇಳಿದು ನೋಡಿ, ಟೋಪಿ ತೆಗೆದರು. ಪಕ್ಕದ ಮನೆಯ ಹಾಲ್ವಾರ್ಡ್ ಅದರ ಮುಂದೆ ಹೋಗುವಾಗಲೆಲ್ಲ ಕತ್ತು ಆ ಕಡೆ ತಿರುಗಿಸಿಕೊಂಡೇ ಹೋದ. ಇಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ರಾತ್ರಿ ಊಟವಾದ ಮೇಲೆ ಎಂಬ್ರೆತ್ ಪೈಪು ಹಚ್ಚಿಕೊಂಡು ಅಟ್ಟಿಯ ಮುಂದೆ ನಿಂತಿರುತ್ತಿದ್ದ. ನನ್ನನ್ನು ಹಾಗೆ ನಿಂತು ನೋಡಿದ್ದು ಎಂದೂ ನೆನಪಿಲ್ಲ.

ಆ ಶರತ್ಕಾಲದಲ್ಲೇ ಅತ್ತೆ ನಮ್ಮ ಮನೆಗೆ ಬಂದರು. ಓಲಾವ ಅತ್ತೆ ಅಷ್ಟು ದಿನ ನನ್ನ ನಾದಿನಿಯ ಜೊತೆಗಿದ್ದವರು. ಎದೆ ಕಟ್ಟಿಕೊಂಡು ಉಸಿರಾಟ ಕಷ್ಟವಾಗಿತ್ತು. ಬರುವಾಗ ಹಾದಿಯಲ್ಲಿ ವೈದ್ಯರು ನೋಡಿ, ಈ ವಯಸ್ಸಿಗೆ ಬೇರೆ ಔಷಧಿ ಇಲ್ಲ, ಬೆಚ್ಚಗಿಡಿ, ವಸಂತದವರೆಗೆ ಒಲೆ ಆರಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ನಾನು ದೊಡ್ಡ ಕೋಣೆಯ ಕಬ್ಬಿಣದ ಒಲೆಯ ಪಕ್ಕ, ಕಿಟಕಿಯ ಹತ್ತಿರ ಅವರಿಗೆ ಕುರ್ಚಿ ಹಾಕಿದೆ. ಅವರು ಕೂತು, ಕಿಟಕಿಯ ಗಾಜು ಒರೆಸಿ, ಮಗನ ಅಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ, ಮೇಲಿನ ಸಾಲಿನಲ್ಲಿ ಒಂದು ಸೀಳು ಬೋರಲಾಗಿದೆ ಎಂದರು. ಎಂಬ್ರೆತ್ ಊಟ ಬಿಟ್ಟು ಹೋಗಿ ಸರಿಮಾಡಿ ಬಂದ.

ಕೊಟ್ಟಿಗೆಯ ಸೌದೆ ಒಂದು ಒಲೆಯ ಲೆಕ್ಕದ್ದು. ಈಗ ಅಡುಗೆಮನೆಯದು, ದೊಡ್ಡ ಕೋಣೆಯದು, ಹಗಲೂ ರಾತ್ರಿ ಎರಡು ಒಲೆ. ಮೇಲಾಗಿ ಚಳಿ ಆ ವರ್ಷ ಬೇಗನೆ ಬಂದು ಬಿಡಾರ ಹೂಡಿತು. ಕ್ರಿಸ್‌ಮಸ್ ಮುಗಿದು ಹಬ್ಬಕ್ಕೆ ಸಿಂಗರಿಸಿ, ಈಗ ಒಣಗಿದ್ದ ಮರವನ್ನು ಹೊರಗೆ ಎಸೆಯುವ ಹೊತ್ತಿಗೆ ಕೊಟ್ಟಿಗೆಯ ನೆಲ ಕಾಣಿಸಿತು.

"ಹೊರಗೆ ಅಷ್ಟೊಂದು ಒಣ ಸೌದೆ ಬಿದ್ದಿದೆಯಲ್ಲ," ಅಂದೆ.

ಎಂಬ್ರೆತ್ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಕುದುರೆ ಕಡಿದು ಸಾರು ಮಾಡೋಣ ಅಂದಿದ್ದರೂ ಅವನು ಅಷ್ಟು ಬೆಚ್ಚುತ್ತಿರಲಿಲ್ಲ. ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು, ಕೊಡಲಿ, ಗರಗಸ, ಸಲಿಕೆ ಜಾರುಬಂಡಿಗೆ ಬಿಗಿದು, ಕಾಡಿಗೆ ಹೊರಟ. ಕುದುರೆ ಹೊಟ್ಟೆಯವರೆಗೆ ಹೂತುಹೋಗುವಷ್ಟು ಹಿಮ. ಆದ್ದರಿಂದ ಬಂಡಿಯನ್ನು ತಾನೇ ಎಳೆದುಕೊಂಡು ಹೋದ.

ನೆಟ್ಟಗೆ ನಿಂತೇ ಸತ್ತುಹೋದ ಪೈನ್ ಮರ ಸಿಕ್ಕಿದರೆ ಒಳ್ಳೆಯದು, ಅದು ಸುಮಾರಾಗಿ ಉರಿಯುತ್ತದೆ. ಆದರೆ ಸಿಕ್ಕಿದ ಮಾತ್ರಕ್ಕೆ ಕಡಿಯುವ ಹಾಗಿಲ್ಲ. ಹಿಮದ ಮೇಲೆ ಕಾಣುವಷ್ಟನ್ನೇ ಕಡಿದರೆ ಅಡಿಯಲ್ಲಿ ಎದೆಯೆತ್ತರದ ಮೋಟು ಉಳಿಯುತ್ತದೆ. ವಸಂತದಲ್ಲಿ ಹಿಮ ಕರಗಿದಾಗ ಆ ಮೋಟು ದಾರಿಹೋಕರಿಗೆಲ್ಲ ಕಥೆ ಹೇಳುತ್ತದೆ: ಇಲ್ಲೊಬ್ಬ ನಡುಚಳಿಯಲ್ಲಿ ಸೌದೆ ಇಲ್ಲದೆ ಓಡಿಬಂದಿದ್ದ, ಬುಡ ಬಿಡಿಸಲೂ ಪುರುಸೊತ್ತಿರಲಿಲ್ಲ ಅವನಿಗೆ. ಹಾಗಾಗಿ ಎಂಬ್ರೆತ್ ಪ್ರತಿ ಮರಕ್ಕೂ ಮೊದಲು ಬಾವಿ ತೋಡಿದ ಹಾಗೆ ಸುತ್ತ ಹಿಮ ತೋಡಿ, ಗುಂಡಿಗೆ ಇಳಿದು, ನೆಲಕ್ಕೆ ಸಮನಾಗಿ ಕೊಯ್ಯುತ್ತಿದ್ದ. ಒಂದು ಮರಕ್ಕೆ ಅರ್ಧ ದಿನ. ಮನೆಯಲ್ಲಿ ಅವನ ತಾಯಿ ಶಾಲಿನ ಮೇಲೆ ಶಾಲು ಹೊದ್ದು ಕೂತಿರುತ್ತಿದ್ದರು, ಇವನು ಅಲ್ಲಿ ಮೋಟಿಗೆ ಮರ್ಯಾದೆ ಮಾಡುತ್ತಿದ್ದ. ಒಣಮರ ಸಿಗದ ದಿನ ಹಸಿ ಬರ್ಚ್ ಬರುತ್ತಿತ್ತು. ಅದು ಒಲೆಯಲ್ಲಿ ಬುಸುಗುಟ್ಟಿ, ನೊರೆ ಕಾರಿ, ಹೊಗೆ ಬಿಟ್ಟು, ಕೊನೆಗೆ ಉಪಕಾರ ಮಾಡಿದಂತೆ ಒಂದಿಷ್ಟು ಉರಿಯುತ್ತಿತ್ತು. ಅತ್ತೆ ಕೆಮ್ಮುತ್ತಿದ್ದರು. ನಾನು ಒಲೆ ಊದುತ್ತಾ ಬೈಯುತ್ತಿದ್ದೆ.

ಒಂದು ದಿನ ಹಾಲ್ವಾರ್ಡ್ ರಸ್ತೆಯಲ್ಲಿ ಎಂಬ್ರೆತ್‌ಗೆ ಎದುರಾದ. ತುಂಬಿದ ಬಂಡಿಯನ್ನು ನೋಡಿಯೂ ಕಾಡಿಗೆ ಹೋಗಿದ್ದೆಯಾ ಎಂದು ಕೇಳಿದ. ಇವನು ಹ್ಞೂಂ ಅಂದ. ಸೌದೆಗೋ ಎಂದು ಕೇಳಿದ. ಇವನು ಇನ್ನೇನು ಸತ್ಯ ಹೇಳಬೇಕಿತ್ತು, ಅಷ್ಟರಲ್ಲಿ ನಾಲಿಗೆ ಹೊರಳಿತು.

"ಹಾಗೇ ಸ್ವಲ್ಪ. ಆಚೆ ವರ್ಷಕ್ಕೆ ಇರ್ಲಿ ಅಂತ."

ಮುಂದಿನ ವರ್ಷದ್ದು ರಸ್ತೆ ಬದಿಯಲ್ಲಿ ನಿಂತಿದೆ, ಇವನು ಅದರಾಚೆಯ ವರ್ಷಕ್ಕೆ ಈಗಲೇ ಹೊರಟಿದ್ದಾನೆ! ಭಾನುವಾರದ ಹೊತ್ತಿಗೆ ಸುದ್ದಿ ಕಣಿವೆಯ ಎರಡೂ ತುದಿ ಮುಟ್ಟಿತ್ತು. ಚರ್ಚಿನ ಮೆಟ್ಟಿಲ ಮೇಲೆ ಗಂಡಸರು ಎಂಬ್ರೆತ್‌ಗೆ ದಾರಿ ಬಿಟ್ಟು ನಿಂತರು. ಒಳಗೆ ಪಾದ್ರಿಗಳು ದೂರದೃಷ್ಟಿಯ ಬಗ್ಗೆ ಉಪದೇಶ ಮಾಡಿದರು. ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ಕೋಟಿನಲ್ಲಿ ಹಸಿ ಹೊಗೆಯ ವಾಸನೆ ನನಗೇ ಹೊಡೆಯುತ್ತಿತ್ತು.

ಸೋಮವಾರ ಬೆಳಿಗ್ಗೆ ನೋಡುತ್ತೇನೆ, ಊರಿನ ಗಂಡಸರೆಲ್ಲ ಸ್ಕೀ ಕಟ್ಟಿಕೊಂಡು, ಗಡ್ಡದಲ್ಲಿ ಮಂಜುಗಡ್ಡೆ ಕಟ್ಟಿಸಿಕೊಂಡು, ಜಾರುಬಂಡಿ ಎಳೆಯುತ್ತಾ ಕಾಡಿನ ಕಡೆ ಹೊರಟಿದ್ದಾರೆ. ಎಲ್ಲರ ಬಂಡಿಯಲ್ಲೂ ಸಲಿಕೆ. ಒಬ್ಬರನ್ನೊಬ್ಬರು ಕಂಡು ತಲೆಯಾಡಿಸುತ್ತಿದ್ದರು, ಯಾಕೆ ಬಂದೆ ಎಂದು ಒಬ್ಬನಾದರೂ ಕೇಳಲಿಲ್ಲ. ಯಾರಾದರೂ ಬಾಯಿಬಿಟ್ಟರೆ ಒಂದೇ ಮಾತು, ಆಚೆ ವರ್ಷಕ್ಕೆ. ಕೆಲವೇ ದಿನಗಳಲ್ಲಿ ಹತ್ತಿರದ ಕಾಡಿನಲ್ಲಿ ಒಣಕಡ್ಡಿ ಉಳಿಯಲಿಲ್ಲ. ನಿಜವಾಗಿ ಸೌದೆ ಬೇಕಾಗಿದ್ದ ನನ್ನ ಗಂಡ ಗುಡ್ಡ ದಾಟಿ ಹೋಗಬೇಕಾಯಿತು. ತಾನೇ ಹಚ್ಚಿದ ಹುಚ್ಚು, ಯಾರನ್ನು ಬೈಯುತ್ತಾನೆ?

ಆ ದಿನಗಳಲ್ಲಿ ಹಾಲ್ವಾರ್ಡ್‌ನ ಮನೆಯ ಹೊಗೆಗೂಡಿನಿಂದ ಕರಿ ಹೊಗೆ ಏಳುವುದನ್ನು ನೋಡಿದೆ. ಒಣ ಸೌದೆಯ ಹೊಗೆ ತೆಳ್ಳಗೆ, ಕಾಣುವುದೇ ಕಷ್ಟ. ಅಂಗಡಿಯಲ್ಲಿ ಅವನ ಹೆಂಡತಿ ಓಡ್ನಿ ಸಿಕ್ಕಾಗ ಕೇಳಿಯೂ ಕೇಳಿದೆ. ಹೊಗೆಗೂಡು ಗುಡಿಸಬೇಕು ಕಣೇ, ಮಸಿ ಕಟ್ಟಿದೆ ಎಂದಳು. ನಮ್ಮದೂ ಅಷ್ಟೇ ಎಂದೆ. ಇಬ್ಬರೂ ಕಾಫಿಪುಡಿ ತೆಗೆದುಕೊಂಡು ಮನೆಗೆ ಹೋದೆವು.

ಅತ್ತೆಯ ಕೆಮ್ಮು ಎದೆಯ ಆಳಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಅವರ ಕಾಲು ಮುಟ್ಟಿದೆ, ಎರಡು ಜೊತೆ ಉಣ್ಣೆಯ ಕಾಲುಚೀಲದೊಳಗೂ ತಣ್ಣಗೆ ಕೊರೆಯುತ್ತಿತ್ತು. ಇನ್ನು ನನ್ನಿಂದಾಗದು ಅನ್ನಿಸಿತು. ಎಂಬ್ರೆತ್ ಗುಡ್ಡದಾಚೆ ಹೋಗಿದ್ದ. ಬುಟ್ಟಿ ಎತ್ತಿಕೊಂಡು ನೆಟ್ಟಗೆ ರಸ್ತೆ ಬದಿಗೆ ಹೋದೆ, ಹಗಲು ಹೊತ್ತಿನಲ್ಲೇ, ಯಾರು ನೋಡಿದರೆ ನೋಡಲಿ ಎಂದು. ಮೇಲಿನ ಸಾಲಿನಿಂದ ಕೈ ತುಂಬ ಸೀಳು ಕಿತ್ತು ಬುಟ್ಟಿಗೆ ಹಾಕಿದ್ದೇ ತಡ, ಕಿಟಕಿಯ ಗಾಜು ಧಡಧಡ ಬಡಿದ ಸದ್ದು. ಏಳಲಾಗದ ಓಲಾವ ಅತ್ತೆ ಎದ್ದು ನಿಂತು ಊರುಗೋಲಿನಿಂದ ಬಡಿಯುತ್ತಿದ್ದರು.

ಬುಟ್ಟಿ ಒಳಗೆ ತಂದೆ. ಅವರು ಕುರ್ಚಿ ಬಿಟ್ಟು, ಗೋಡೆ ಹಿಡಿದುಕೊಂಡು, ಒಲೆಯಿಲ್ಲದ ಚಳಿಕೋಣೆಗೆ ಹೋಗಿ, ಆಲೂಗಡ್ಡೆ ಮೂಟೆಯ ಮೇಲೆ ಕೂತುಬಿಟ್ಟಿದ್ದರು. ಹೊರಗೆ ಬನ್ನಿ ಅಂದೆ, ಬೇಡಿಕೊಂಡೆ, ಬೈದೆ. ಜಪ್ಪಯ್ಯ ಅಂದರೂ ಏಳಲಿಲ್ಲ.

"ಅದನ್ನ ಎಲ್ಲಿಂದ ತಂದ್ಯೋ ಅಲ್ಲೇ ಇಟ್ಟು ಬಾ," ಎಂದರು. "ಆ ಅಟ್ಟಿ ಬಿಚ್ಚೋದು ಎರಡೇ ಕಾರಣಕ್ಕೆ. ಯಾರದಾದ್ರೂ ಮನೆ ಸುಟ್ಟುಹೋಗಿರ್ಬೇಕು, ಇಲ್ಲಾ ಚಳಿಗಾಲದಲ್ಲಿ ಹೆಣಕ್ಕೆ ಗುಂಡಿ ತೋಡ್ಬೇಕಾಗಿರ್ಬೇಕು. ಮುದುಕಿ ಕಾಲು ತಣ್ಣಗಾಯ್ತು ಅಂತ ಯಾರೂ ಬಿಚ್ಚಿದ್ದಿಲ್ಲ."

"ನಿಮ್ಮ ಜೀವಕ್ಕಿಂತ ದೊಡ್ಡದಾ ಅತ್ತೆ, ಆ ಸೌದೆ?"

"ನಿಂಗೆ ಅರ್ಥ ಆಗಲ್ಲ ಬಿಡು. ನಿಮ್ಮಲ್ಲಿ ಮಣ್ಣು ಸುಡ್ತಾರೆ."

ಬುಟ್ಟಿ ತೆಗೆದುಕೊಂಡು ಹೋಗಿ, ತೆಗೆದ ಜಾಗದಲ್ಲೇ ಒಂದೊಂದಾಗಿ ಇಟ್ಟು, ಬಾಯಿ ಸಮ ಮಾಡಿ ಬಂದೆ. ಅವರು ಕಿಟಕಿಯಿಂದ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಕುರ್ಚಿಗೆ ಮರಳಿದ್ದು. ನಾನು ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ. ಸಿಟ್ಟಿಗೋ ದುಃಖಕ್ಕೋ ನನಗೇ ಗೊತ್ತಾಗಲಿಲ್ಲ.

ಸಂಜೆ ಎಂಬ್ರೆತ್‌ಗೆ ಎಲ್ಲ ಹೇಳಿದೆ. ನಿನ್ನ ತಾಯಿ ಸಾಯುತ್ತಿದ್ದಾರೆ, ನೀನು ಮೋಟು ನುಣುಪು ಮಾಡುತ್ತಾ ಕೂತಿರು ಎಂದೆ. ಅವನು ಒದ್ದೆ ಕೈಗವಸು ಬಿಚ್ಚುತ್ತಾ ನಿಂತಿದ್ದ, ಬೆರಳುಗಳು ಬೆಳ್ಳಗೆ ಸೆಟೆದಿದ್ದವು. ಮರುದಿನ ಮಾತ್ರ ಕಾಫಿಯ ಹೊತ್ತಿಗೇ ವಾಪಸ್ಸು ಬಂದ, ಬಂಡಿ ತುಂಬ ಒಳ್ಳೆಯ ಒಣ ಪೈನ್. ಇಷ್ಟು ಬೇಗ ಹೇಗೆ ಸಾಧ್ಯವಾಯಿತು ಎಂದು ಕೇಳಿದೆ. ಅವನು ಬಾಗಿಲು ಹಾಕಿ, ತಾಯಿ ನಿದ್ದೆ ಮಾಡುತ್ತಿದ್ದಾರಾ ಎಂದು ನೋಡಿ, ಕದ್ದ ಮಾಲಿನ ಸುದ್ದಿ ಹೇಳುವವನ ದನಿಯಲ್ಲಿ ಹೇಳಿದ.

"ಬುಡ ಬಿಡಿಸ್ಲಿಲ್ಲ. ಹಿಮದ ಮೇಲೇ ಕಡಿದೆ."

ಆ ರಾತ್ರಿ ಒಲೆ ಕೆಂಪಗೆ ಉರಿಯಿತು. ಅತ್ತೆ ಒಂದು ಶಾಲು ತೆಗೆದು ಪಕ್ಕಕ್ಕಿಟ್ಟರು, ಆಲೂಗಡ್ಡೆ ರೊಟ್ಟಿಗೆ ಬೆಣ್ಣೆ ಹಚ್ಚಿಸಿಕೊಂಡು ತಿಂದರು. ಮಗ ಇಷ್ಟು ದಿನದ ಮೇಲೆ ಮೊದಲ ಸಲ ಅವರ ಪಕ್ಕ ನೆಲದ ಮೇಲೆ ಕೂತ. ನನಗೆ ಆಸೆ ಹುಟ್ಟಿತು. ಆದರೆ ಆಸೆ ತಡವಾಗಿ ಹುಟ್ಟಿತ್ತು, ಚಳಿ ಆಗಲೇ ಅವರ ಎದೆಯಲ್ಲಿ ಮನೆ ಮಾಡಿತ್ತು. ವಾರ ಕಳೆಯುವುದರಲ್ಲಿ ಕುರ್ಚಿಯಿಂದ ಹಾಸಿಗೆಗೆ ಹೋದರು. ಕೊನೆಯ ಬೆಳಿಗ್ಗೆ ನನ್ನನ್ನು ಹತ್ತಿರ ಕರೆದರು.

"ಹಾಲ್ವಾರ್ಡ್ ಅವನ ಅಟ್ಟಿ ಮುಟ್ಟಿದ್ನಾ?"

"ಇಲ್ಲ ಅತ್ತೆ, ಹಾಗೇ ಇದೆ."

"ನಮ್ದು?"

"ನಮ್ದೂ ಹಾಗೇ ಇದೆ."

"ಹಾಗಾದ್ರೆ ಸರಿ," ಎಂದರು. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟರು. ಇಡೀ ಚಳಿಗಾಲ ನನ್ನನ್ನು ಅರೆದು ಹಾಕಿದ ಮುದುಕಿ, ಆದರೂ ಅವರ ಕಾಲುಚೀಲ ಬಿಚ್ಚಲು ಹೋದವಳು ಎರಡು ಜೊತೆಯನ್ನೂ ಹಾಗೇ ಬಿಟ್ಟೆ.

ನೆಲ ಕಲ್ಲಾಗಿತ್ತು. ಅಂಥ ಚಳಿಯಲ್ಲಿ ಗುಂಡಿ ತೋಡಬೇಕಾದರೆ ಮೊದಲು ಅಲ್ಲಿ ಬೆಂಕಿ ಹಾಕಿ ನೆಲ ಕರಗಿಸಬೇಕು, ಅದಕ್ಕೆ ಹಸಿ ಸೌದೆ ಆಗುವುದಿಲ್ಲ. ಸುದ್ದಿ ಹೋದ ಕೂಡಲೇ ಊರಿನ ಗಂಡಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಅಟ್ಟಿ ಬಿಚ್ಚಿದರು. ಯಾರೂ ಅವರನ್ನು ಕೇಳಿರಲಿಲ್ಲ. ಹಾಲ್ವಾರ್ಡ್ ತನ್ನ ಅಟ್ಟಿಯ ಒಳ್ಳೆಯ ತುದಿಯಿಂದಲೇ ತೆಗೆದು ತಂದ. ಎಂಬ್ರೆತ್ ತನ್ನದರ ನಟ್ಟನಡುವೆಯಿಂದ, ಪಾದ್ರಿಗಳು ಟೋಪಿ ತೆಗೆದಿದ್ದರಲ್ಲ, ಆ ಜಾಗದಿಂದಲೇ ಬಂಡಿ ತುಂಬಿಸಿದ. ಚರ್ಚಿನ ಅಂಗಳದಲ್ಲಿ ಬೆಂಕಿ ಎದ್ದಿತು ನೋಡಿ, ಸುತ್ತಲ ಹಿಮ ನೀರಾಗಿ ಹರಿಯಿತು. ಪಾದ್ರಿಗಳು ಮತ್ತೆ ಟೋಪಿ ತೆಗೆದರು. ಊರೆಲ್ಲ ಸುತ್ತ ನಿಂತು ಕೈ ಕಾಯಿಸಿಕೊಂಡಿತು. ಬದುಕಿದ್ದಾಗ ಬೊಗಸೆ ಸೌದೆ ಸಿಗದವರಿಗೆ ಸತ್ತ ಮೇಲೆ ಕಣಿವೆಯ ಒಣ ಸೌದೆಯೆಲ್ಲ ಸಿಕ್ಕಿತು. ಆದರೂ ಸುಳ್ಳು ಹೇಳಲಾರೆ, ಕೈ ನಾನೂ ಚಾಚಿದೆ.

ಮಣ್ಣು ಮಾಡಿ ಬಂದ ಮೇಲೆ ನಮ್ಮ ಅಡುಗೆಮನೆಯಲ್ಲಿ ಕಾಫಿ. ಓಡ್ನಿ ಲೋಟ ತೊಳೆಯಲು ನಿಂತವಳು ಕೈ ನೀರಲ್ಲಿಟ್ಟುಕೊಂಡೇ ನಿಧಾನಕ್ಕೆ ಬಾಯಿಬಿಟ್ಟಳು. ಹಬ್ಬ ಕಳೆದಾಗಿನಿಂದ ಅವರ ಕೊಟ್ಟಿಗೆಯೂ ಖಾಲಿಯಂತೆ. ಹಾಲ್ವಾರ್ಡ್ ಯಾರಿಗೂ ಹೇಳಬೇಡ ಎಂದಿದ್ದನಂತೆ. ಆಚೆ ಮನೆಯವರದೂ ಅದೇ ಕಥೆ ಇರಬೇಕು, ಅವರ ಹೊಗೆ ನೋಡಿಲ್ಲವಾ ಎಂದು ನನ್ನನ್ನೇ ಕೇಳಿದಳು. ಅಂದರೆ ಆ ಗಂಡಸರೆಲ್ಲ ಗಡ್ಡಕ್ಕೆ ಮಂಜು ಕಟ್ಟಿಸಿಕೊಂಡು ಕಾಡಿಗೆ ಹೋದದ್ದು ಆಚೆ ವರ್ಷಕ್ಕಲ್ಲ, ಆವತ್ತಿನ ರಾತ್ರಿಗೆ. ನನಗೆ ನಗು ಬಂತು, ಸಾವಿನ ಮನೆಯೆಂದು ಶಾಲಿನ ತುದಿಯನ್ನೇ ಬಾಯಿಗೆ ತುರುಕಿಕೊಳ್ಳಬೇಕಾಯಿತು.

ಆಮೇಲೆ ನಗು ಹೋಗಿ ಸಿಟ್ಟು ಬಂತು. ಬುಟ್ಟಿ ಎತ್ತಿಕೊಂಡು, ಜನ ಇನ್ನೂ ನಮ್ಮ ಮನೆಯಂಗಳದಲ್ಲಿರುವಾಗಲೇ, ನಡುವೆ ತೂತು ಬಿದ್ದ ಅಟ್ಟಿಯ ಹತ್ತಿರ ಹೋಗಿ ಸೀಳು ಕಿತ್ತು ತುಂಬಿಸಿದೆ. ಎಂಬ್ರೆತ್ ನನ್ನನ್ನು ನೋಡಿದ, ಹಾಲ್ವಾರ್ಡ್‌ನನ್ನು ನೋಡಿದ, ಗಂಟಲು ಸರಿಮಾಡಿಕೊಂಡ.

"ಗುಂಡಿ ಬೆಂಕಿಗೆ ಅಂತ ತೆಗೆದದ್ರಲ್ಲಿ ಉಳಿದದ್ದು."

ಹಾಲ್ವಾರ್ಡ್ ಸ್ವಲ್ಪ ಯೋಚಿಸಿದ. "ನಮ್ಮಲ್ಲೂ ಒಂದಿಷ್ಟು ಉಳಿದಿದೆ," ಎಂದ. ಆಚೆ ಮನೆಯವನೂ ತನ್ನಲ್ಲೂ ಉಳಿದಿರಬೇಕು ಎಂದ. ಅಂದು ಸಂಜೆಯಿಂದ ಕಣಿವೆಯ ಹೊಗೆಗೂಡುಗಳಲ್ಲಿ ಕರಿ ಹೊಗೆ ನಿಂತು ತೆಳ್ಳನೆಯ ಹೊಗೆ ಎದ್ದಿತು. ಓಲಾವ ಅತ್ತೆಯ ಗುಂಡಿಯಿಂದ ಉಳಿದ ಸೌದೆ ಊರಿಗೆಲ್ಲ ಮೇ ತಿಂಗಳವರೆಗೆ ಬಂತು. ಯಾರ ಮಾನವೂ ಹೋಗಲಿಲ್ಲ.

ಹಿಮ ಕರಗಿತು. ಕಾಡಿನ ನೆಲದ ತುಂಬ ಅಚ್ಚುಕಟ್ಟಾದ ಮೋಟುಗಳು, ಒಂದೊಂದೂ ನೆಲಕ್ಕೆ ಸಮ. ಗುಡ್ಡದ ತಿರುವಿನಲ್ಲಿ ಮಾತ್ರ, ಚರ್ಚಿನ ರಸ್ತೆಗೆ ಎದ್ದು ಕಾಣುವಂತೆ, ಎದೆಯೆತ್ತರದ ಪೈನ್ ಮೋಟೊಂದು ನಿಂತಿತ್ತು. ಊರು ಎರಡು ಭಾನುವಾರ ಅದನ್ನು ನೋಡಿಯೂ ನೋಡದ ಹಾಗೆ ಹೋಯಿತು. ಮೂರನೆಯ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ತೀರ್ಪು ಬಂತು. ಬುಡ ಬಿಡಿಸದೆ ಮರ ಕಡಿಯುವುದು ಈ ಕಣಿವೆಯವರ ಕೈಕೆಲಸವಲ್ಲ, ಕಡಲ ಕಡೆಯವಳದು. ಹಾಲ್ವಾರ್ಡ್ ನನ್ನ ಕಡೆ ನೋಡದೆಯೇ, ಪಾಪ ಆಕೆಗೆ ಮರದ ರೀತಿ ಗೊತ್ತಿಲ್ಲವಲ್ಲ, ಕ್ಷಮಿಸಬೇಕು ಎಂದ. ನನ್ನ ಬಾಯಿ ತುದಿಗೆ ಬೈಗುಳ ಬಂದಿತ್ತು, ಅದೂ ಅಪ್ಪಟ ಮೀನಿನ ಕಡೆಯದು.

ಅಷ್ಟರಲ್ಲಿ, ಹ್ಞೂಂ ಅನ್ನುವುದಕ್ಕೇ ವಾರ ಬೇಕಾದ ನನ್ನ ಗಂಡ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅದನ್ನ ಕಡಿದವ್ನು ನಾನು. ಮನೇಲಿ ಸೌದೆ ಇರ್ಲಿಲ್ಲ. ಅಮ್ಮಂಗೆ ಚಳಿ ಆಗ್ತಿತ್ತು."

ಅಷ್ಟೂ ಗಂಡಸರು ತಮ್ಮ ತಮ್ಮ ಬೂಟು ನೋಡಿಕೊಂಡರು. ಗಂಟೆ ಹೊಡೆಯಿತು, ಎಲ್ಲರೂ ಒಳಗೆ ಹೋಗಿ ಅವರವರ ಜಾಗದಲ್ಲಿ ಕೂತರು. ಎಂಬ್ರೆತ್ ನಮ್ಮ ಬೆಂಚು ದಾಟಿ, ಯಾರೂ ಹೇಳದೆಯೇ, ನೆಟ್ಟಗೆ ಹಿಂದಿನ ಬೆಂಚಿಗೆ ಹೋಗಿ ಕೂತ. ನಾನೂ ಹೋಗಿ ಅವನ ಪಕ್ಕ ಕೂತೆ. ಮೇ ತಿಂಗಳಾದರೂ ಒಳಗೆ ಕೊರೆಯುವ ಚಳಿ. ಮುಂದೆ ಕೂತವರು ಕೈ ಉಜ್ಜಿಕೊಳ್ಳುತ್ತಿದ್ದರು. ಚರ್ಚಿನ ಒಲೆ ಇರುವುದು ಹಿಂದಿನ ಬೆಂಚಿನ ಪಕ್ಕದಲ್ಲೇ ಅನ್ನುವುದು ಇಷ್ಟು ವರ್ಷ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.